ಜಮೀನೈತೆ, ಪಹಣಿ ಇಲ್ಲ

ಕಂಪ್ಯೂಟರಿಗೆ ಬರುವ ಕಾಯಿಲೆಯಲ್ಲಿ ಎರಡು ಬಗೆ. ಒಂದು ಮೈಗೆ ಬಂದದ್ದು. ಎಸ್‌ಎಂಪಿಎಸ್ ಸುಟ್ಟ ವಾಸನೆ ಬರುತ್ತದೆ, ರ‍್ಯಾಮ್ ಸಡಿಲವಾಗಿ ಬೀಪ್ ಬೀಪ್ ಅನ್ನುತ್ತದೆ, ಕ್ಯಾಬಿನೆಟ್ಟಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ಇದನ್ನು ಜವನಗೊಂಡನಹಳ್ಳಿಯಲ್ಲಿ ಯಾರಿಗೆ ಬೇಕಾದರೂ ಅರ್ಥ ಮಾಡಿಸಬಹುದು. ಇಲಿಯನ್ನು ತೋರಿಸಿದರೆ ಆಯಿತು. ಇನ್ನೊಂದು ಕಾಗದಪತ್ರಕ್ಕೆ ಬಂದದ್ದು. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಆಮೇಲೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಹಿಂಬರಹ: ‘ಸಿಸ್ಟಮ್32’ ಒಳಗಿನ ‘ಕಾನ್ಫಿಗ್’ ಒಳಗಿನ ‘ಸಿಸ್ಟಮ್’ ಎಂಬ ಕಡತ ಕಾಣೆಯಾಗಿದೆ ಇಲ್ಲವೇ ಕೆಟ್ಟಿದೆ, ಆದ್ದರಿಂದ ವಿಂಡೋಸ್ ಶುರುವಾಗುವುದಿಲ್ಲ. ಕಾಣೆಯಾದದ್ದೋ ಕೆಟ್ಟದ್ದೋ ಹೇಳು ಮಾರಾಯ ಎಂದರೆ, ಅದನ್ನು ಹೇಳುವುದಿಲ್ಲ. ಹಿಂಬರಹದ ಗತ್ತೇ ಅದು.

ನಾನು ಹೆದ್ದಾರಿ ಪಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. 2001ರಲ್ಲಿ ಬಂದ ಎಕ್ಸ್‌ಪಿಯನ್ನು 2014ರ ಏಪ್ರಿಲ್‌ನಲ್ಲಿ ಹೆತ್ತ ಕಂಪನಿಯೇ ಕೈಬಿಟ್ಟಿತು. ನಮ್ಮ ಹೋಬಳಿ ಬಿಡಲಿಲ್ಲ. ಅಂಗಡಿಯಲ್ಲಿ ಮಿಷನ್ ಇದ್ದವನಿಗೆ ರಿಪೇರಿಯೂ ಗೊತ್ತಿರಲೇಬೇಕು ಅನ್ನುವುದು ಊರಿನ ತೀರ್ಮಾನ. ಹಾಗಾಗಿ ಶೇಂಗಾ ವ್ಯಾಪಾರದ ಅಣ್ಣ ಒಬ್ಬರು ಒಂದು ದಿನ ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿ ಟಿವಿಎಸ್ ಹಿಂದೆ ಕಟ್ಟಿಕೊಂಡು ಬಂದರು.

“ಮಿಷನ್ ಐತೆ, ಕರೆಂಟ್ ಐತೆ. ಇನ್ನೇನ್ ಬೇಕಂತಪ್ಪ ಇದಕ್ಕೆ?”

“ಜಮೀನೈತೆ, ಪಹಣಿ ಇಲ್ಲ ಕಣಣ್ಣ.”

ಅವರ ಮುಖ ಇಳಿದುಹೋಯಿತು. ಇಂಜಿನಿಯರಿಂಗ್ ಓದಿದವರಿಗೆ ಅರ್ಧ ಗಂಟೆ ಕೊರೆದರೂ ತಲೆಗೆ ಹೋಗದ ವಿಷಯ ಅವರಿಗೆ ಒಂದು ಮಾತಿಗೆ ಹೋಗಿತ್ತು. ಹೋಗದೆ ಏನು? ಶಾನುಭೋಗರ ಕಡತದಿಂದ ಹಿಡಿದು, ‘ಭೂಮಿ’ ಯೋಜನೆ ಬಂದು ಹಿರಿಯೂರಿನ ತಾಲ್ಲೂಕು ಕಚೇರಿಯಲ್ಲಿ ಪ್ರಿಂಟಾದ ಪಹಣಿ ಕೈಗೆ ಸಿಗುವವರೆಗೆ, ಉಳುತ್ತಿರುವ ಹೊಲ ತನ್ನದೇ ಎಂದು ಸಾಬೀತು ಮಾಡಲು ಬಸ್ಸು ಹತ್ತದವರು ನಮ್ಮಲ್ಲಿ ಯಾರಿದ್ದಾರೆ?

ವಿಂಡೋಸ್ ರಿಜಿಸ್ಟ್ರಿಯೂ ಇಂಥದೇ ದಫ್ತರ. ಮುಂಚೆ ಒಂದೊಂದು ಸಾಫ್ಟ್‌ವೇರು ತನ್ನ ಲೆಕ್ಕವನ್ನು ಐಎನ್‌ಐ ಎಂಬ ಸಣ್ಣ ಚೀಟಿಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ವಿಂಡೋಸ್ 95ರ ಹೊತ್ತಿಗೆ ಚೀಟಿಗಳನ್ನೆಲ್ಲ ಒಂದೇ ಕಡೆ ಸೇರಿಸುವ ಪದ್ಧತಿ ಬಂತು. ಎಕ್ಸ್‌ಪಿಯಲ್ಲಿ ಅದು ಮುಖ್ಯವಾಗಿ ಐದು ಕಡತ: ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್. ಯಾವ ಡ್ರೈವರನ್ನು ಮೊದಲು ಎಬ್ಬಿಸಬೇಕು ಅನ್ನುವುದು ‘ಸಿಸ್ಟಮ್’ ಕಡತದಲ್ಲಿರುತ್ತದೆ. ಅದು ಹೋಯಿತೆಂದರೆ ವಿಂಡೋಸು ಹಾಸಿಗೆಯಿಂದಲೇ ಏಳುವುದಿಲ್ಲ.

ಕೆಡುವ ಬಗೆ ಸ್ವಾರಸ್ಯದ್ದು. ಕಡತದ ತಲೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಬರೆಯಲು ಕೂತಾಗ ಮೊದಲನೆಯದು ಒಂದು ಏರುತ್ತದೆ, ಬರೆದು ಮುಗಿದಾಗ ಎರಡನೆಯದು. ಎರಡೂ ಒಂದೇ ಇದ್ದರೆ ಕೆಲಸ ಪೂರ್ತಿಯಾಗಿದೆ. ಬೇರೆ ಬೇರೆ ಇದ್ದರೆ ಬರೆಯುವವನು ನಡುವೆ ಎದ್ದುಹೋಗಿದ್ದಾನೆ. ಪಕ್ಕದ ಲಾಗ್ ಕಡತ ನೋಡಿ ಸರಿಮಾಡಿಕೊಳ್ಳಬೇಕು. ಲಾಗೂ ಕೆಟ್ಟಿದ್ದರೆ ಹಿಂಬರಹ. ಈ ಎರಡು ಸಂಖ್ಯೆಗಳ ನಡುವಿನ ಅವಧಿ ರೆಪ್ಪೆ ಬಡಿಯುವಷ್ಟೂ ಇಲ್ಲ. ನಮ್ಮಲ್ಲಿ ಕರೆಂಟು ಆ ಸಂದನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಯುಪಿಎಸ್ ಇರಲಿಲ್ಲವೇ? ಇತ್ತು. ಅದರ ಮೇಲೆ ಲಕ್ಷ್ಮಿ ಫೋಟೋ ಇಟ್ಟಿದ್ದರು.

ಹಿರಿಯೂರಿಗೆ ಒಯ್ದಿದ್ದರೆ “ಓಎಸ್ ಹೋಗೈತೆ, ಫಾರ್ಮ್ಯಾಟ್ ಹೊಡೀಬೇಕು” ಎಂದು ಹೇಳಿ ಕಳಿಸುತ್ತಿದ್ದರು. ಪಹಣಿ ಕಳೆಯಿತೆಂದು ಊರನ್ನೇ ಕೆಡವಿ ಮತ್ತೆ ಕಟ್ಟುವ ಈ ವಿದ್ಯೆ ನನಗೆ ಸೇರದು. ಎಕ್ಸ್‌ಪಿಯ ಸಿ.ಡಿ. ಹಾಕಿ, ‘ಆರ್’ ಒತ್ತಿ, ರಿಕವರಿ ಕನ್ಸೋಲಿಗೆ ಇಳಿದೆ. ಒಳಗೆ ಬಿಡುವ ಮುಂಚೆ ಅದು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡು ಕೇಳುತ್ತದೆ.

“ಪಾಸ್‌ವರ್ಡ್ ಏನಣ್ಣ?”

“ನನ್ ಮಗಳಿಗೆ ಗೊತ್ತು. ಅವಳು ದಾವಣಗೆರೆ ಹಾಸ್ಟೆಲ್ನಾಗವಳೆ.”

ಹಾಸ್ಟೆಲ್ಲಿನ ಕಾಯಿನ್ ಬೂತಿಗೆ ಫೋನ್ ಹೋಯಿತು. ಹುಡುಗಿ ಬರುವಷ್ಟರಲ್ಲಿ ನಾನು ಏನೂ ಬರೆಯದೆ ಸುಮ್ಮನೆ ಎಂಟರ್ ಒತ್ತಿದ್ದೆ. ಬಾಗಿಲು ತೆರೆಯಿತು. ಅಸೆಂಬಲ್ ಮಾಡಿದ ಮಿಷನ್ನುಗಳ ಮುಕ್ಕಾಲು ಪಾಲು ಬೀಗಕ್ಕೆ ಕೀಲಿ ಇದೇ.

ವಿಂಡೋಸ್ ಫೋಲ್ಡರಿನಲ್ಲಿ ‘ರಿಪೇರ್’ ಎಂದೊಂದು ಮೂಲೆ ಉಂಟು. ಎಕ್ಸ್‌ಪಿ ಹಾಕಿದ ದಿನವೇ ಐದೂ ಕಡತಗಳ ಒಂದೊಂದು ನಕಲನ್ನು ಅಲ್ಲಿಟ್ಟಿರುತ್ತದೆ. ಕೆಟ್ಟದ್ದನ್ನು ಬೇರೆ ಕಡೆ ಎತ್ತಿಟ್ಟು, ಅವನ್ನು ತಂದು ‘ಕಾನ್ಫಿಗ್’ನಲ್ಲಿ ಹಾಕಿದರೆ ಮಿಷನ್ ಎದ್ದು ಕೂರುತ್ತದೆ. ಎದ್ದು ಕೂತಿತು ಕೂಡ. ಆದರೆ ಪಹಣಿಯ ಕಾಲಂ 9ರಲ್ಲಿ ತೀರಿಕೊಂಡ ತಾತನ ಹೆಸರೇ ಇತ್ತು! ಮೊದಲ ದಿನದ ಮೇಲೆ ಆದದ್ದೊಂದೂ ಅದಕ್ಕೆ ನೆನಪಿಲ್ಲ. ಪ್ರಿಂಟರ್ ಯಾರೋ, ಟ್ಯಾಲಿ ಯಾರೋ. ನುಡಿ ಫಾಂಟುಗಳು ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದರೂ ದಫ್ತರದಲ್ಲಿ ಹೆಸರಿಲ್ಲದ್ದರಿಂದ ಅವು ಇಲ್ಲವೆಂದೇ ಲೆಕ್ಕ. ಅಣ್ಣನ ತಂಗಿಯ ಮದುವೆಯ ಕರೆಯೋಲೆ ತೆಗೆದರೆ, ತಲೆಯ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ.

“ಹುಡುಗ ಯಾವ್ ದೇಶದೋನು ಅಂತ ಕೇಳ್ತಾರಪ್ಪ ಇದನ್ನ ನೋಡಿದ್ರೆ” ಎಂದರು ಅಣ್ಣ.

ಇಷ್ಟಕ್ಕೆ ಬಿಡುವವನಲ್ಲ ನಾನು. ಇನ್ನು ಪೌತಿ ಖಾತೆ ಆಗಬೇಕು. ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಎಂಬ ಮುಚ್ಚಿಟ್ಟ ಕೋಣೆಯಲ್ಲಿ ಎಕ್ಸ್‌ಪಿ ಆಗಾಗ ದಾಖಲೆಯ ನಕಲು ತೆಗೆದಿಟ್ಟಿರುತ್ತದೆ. ಅಡ್ಮಿನಿಸ್ಟ್ರೇಟರೇ ಹೋಗಿ ತಟ್ಟಿದರೂ ‘ಪ್ರವೇಶವಿಲ್ಲ’ ಅನ್ನುತ್ತದೆ. ಯಜಮಾನನನ್ನೇ ಹೊರಗೆ ನಿಲ್ಲಿಸುವ ರೆಕಾರ್ಡ್ ರೂಮು. ಸೇಫ್ ಮೋಡಿನಲ್ಲಿ ಅನುಮತಿ ಬರೆದುಕೊಂಡು ಒಳಗೆ ಹೋಗಿ, ಹಳೇ ತಾರೀಕಿನ ಸ್ನ್ಯಾಪ್‌ಶಾಟ್ ಒಂದನ್ನು ಆರಿಸಿ, ಉದ್ದುದ್ದ ಹೆಸರುಗಳನ್ನು ಕತ್ತರಿಸಿ ಮತ್ತೆ ‘ಸಿಸ್ಟಮ್’, ‘ಸಾಫ್ಟ್‌ವೇರ್’ ಎಂದು ನಾಮಕರಣ ಮಾಡಿ, ಕನ್ಸೋಲಿಗೆ ಮರಳಿ ನಕಲು ಹೊಡೆದದ್ದಾಯಿತು. ಟ್ಯಾಲಿ ಬಂತು, ನುಡಿ ಬಂತು, ಹುಡುಗ ಮತ್ತೆ ಹೊಸದುರ್ಗದವನಾದ.

ಈ ಉಪಾಯ ಮೈಕ್ರೋಸಾಫ್ಟಿನದೇ. ಕಂಪನಿಯಿಂದ ಎಕ್ಸ್‌ಪಿ ಹಾಕಿಸಿಕೊಂಡೇ ಬಂದ ಮಿಷನ್ನಿನ ಮೇಲೆ ಮಾತ್ರ ಇದನ್ನು ಮಾಡಬೇಡಿ, ಹಿಂದೆ ಇಲ್ಲದ ಬಳಕೆದಾರರು, ಪಾಸ್‌ವರ್ಡುಗಳು ಹುಟ್ಟಿಕೊಳ್ಳುತ್ತವೆ ಎಂದು ಅವರೇ ಎಚ್ಚರಿಸಿದ್ದರು. ಇಲ್ಲದ ಮನುಷ್ಯರು ದಾಖಲೆ ಹತ್ತುವುದನ್ನು ನಾವು ಹೊಸದಾಗಿ ಕೇಳಬೇಕೇ!

ಈಚೆಗೆ ಸೊಸೆಯ ತಮ್ಮನ ವಿಂಡೋಸ್ 10 ಲ್ಯಾಪ್‌ಟಾಪು ಇದೇ ಕಾಯಿಲೆಗೆ ಮಲಗಿತು. ಈಗ ನಕಲು ಇರುವ ಜಾಗದ ಹೆಸರು ‘ರೆಗ್‌ಬ್ಯಾಕ್’. ಕಮಾಂಡ್ ಪ್ರಾಂಪ್ಟಿನಲ್ಲಿ ತೆಗೆದು ನೋಡಿದೆ. ಐದೂ ಕಡತಗಳ ಹೆಸರು ಅಚ್ಚುಕಟ್ಟಾಗಿವೆ, ಗಾತ್ರ ಮಾತ್ರ ಸೊನ್ನೆ. 2018ರ 1803 ಆವೃತ್ತಿಯಿಂದ, ಡಿಸ್ಕಿನಲ್ಲಿ ಜಾಗ ಉಳಿಸಲೆಂದು, ನಕಲು ತೆಗೆಯುವುದನ್ನು ನಿಲ್ಲಿಸಿದ್ದಾರೆ. ಬೇಕೆಂದವರು ಮೊದಲೇ ರಿಜಿಸ್ಟ್ರಿಯೊಳಗೆ ಹೋಗಿ ‘ಎನೇಬಲ್ ಪೀರಿಯಾಡಿಕ್ ಬ್ಯಾಕಪ್’ ಎಂದು ಬರೆದು ಮುಂದೆ 1 ಹಾಕಿಟ್ಟಿರಬೇಕು.

ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಬೀಗರ ತಾತ ಇಷ್ಟನ್ನೂ ಕೇಳಿಸಿಕೊಂಡರು.

“ಪಹಣಿ ನಕಲು ಬೇಕು ಅಂತ ಪಹಣಿನಾಗೇ ಮುಂಚೆ ಬರೆಸಿರಬೇಕಿತ್ತಾ?”

“ಹೂಂ ತಾತ.”

“ಇದನ್ನ ಮಾಡಿದೋನು ಮೊದ್ಲು ಯಾವ್ ತಾಲ್ಲೂಕ್ ಆಫೀಸಿನಾಗಿದ್ದ?”