ಮೂವತ್ತು, ನಲವತ್ತೈದು, ಅರವತ್ತು

ಹತ್ತನೇ ತರಗತಿಯ ಗಣಿತ ಪುಸ್ತಕದ ಸಮುದ್ರ ಬಲು ಇಕ್ಕಟ್ಟು. ಎನ್‌ಸಿಇಆರ್‌ಟಿಯ ತ್ರಿಕೋನಮಿತಿಯಲ್ಲಿ ಸಮುದ್ರಮಟ್ಟದಿಂದ 75 ಮೀಟರ್ ಎತ್ತರದ ಒಂದು ದೀಪಸ್ತಂಭವಿದೆ. ಅದರ ತುದಿಯಿಂದ ನೋಡಿದರೆ ಒಂದರ ಹಿಂದೆ ಒಂದು ನಿಂತ ಎರಡು ಹಡಗುಗಳು 45 ಮತ್ತು 30 ಡಿಗ್ರಿಯ ಅವನತ ಕೋನದಲ್ಲಿ ಕಾಣುತ್ತವೆ. ಅವುಗಳ ನಡುವಿನ ದೂರ ಎಷ್ಟು? ಉತ್ತರ 75(√3 − 1) ಮೀಟರ್. ಹುಡುಗರು ಅದರ ಸುತ್ತ ಚೌಕ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಗುಣಿಸಿ ನೋಡುವ ಗೋಜಿಗೆ ಹೋಗುವವರು ಕಡಿಮೆ. ಗುಣಿಸಿದರೆ ಬರುವುದು ಸುಮಾರು 55 ಮೀಟರ್. ಮುಂದಿನ ಹಡಗಂತೂ ದೀಪಸ್ತಂಭದ ಬುಡದಿಂದ ಬರೀ 75 ಮೀಟರ್ ದೂರದಲ್ಲಿದೆ. ಎರಡೂ ನೂರು ಮೀಟರ್ ಉದ್ದದ ಸರಕು ಹಡಗುಗಳಾಗಿದ್ದರೆ ಇಷ್ಟು ಹೊತ್ತಿಗೆ ಒಂದರ ಮೂತಿ ಇನ್ನೊಂದರ ಹೊಟ್ಟೆಯೊಳಗೆ ಇರಬೇಕು. ಮೇಲೆ ನಿಂತವನೋ, ಬೊಬ್ಬೆ ಹೊಡೆಯುವುದು ಬಿಟ್ಟು ಕೋನ ಅಳೆಯುತ್ತಿದ್ದಾನೆ.

ಈ ಪಾಠದ ಪ್ರಜೆಗಳೆಲ್ಲ ಹೀಗೇ. 1.5 ಮೀಟರ್ ಎತ್ತರದ ಹುಡುಗನೊಬ್ಬ 30 ಮೀಟರ್ ಕಟ್ಟಡದ ಕಡೆಗೆ ನಡೆಯುತ್ತಾನೆ. ಅವನ ಕಣ್ಣಿನಿಂದ ಅಳೆದ ಉನ್ನತ ಕೋನ 30ರಿಂದ 60ಕ್ಕೆ ಏರುತ್ತದೆ. ಲೆಕ್ಕ ಮಾಡುವಾಗ ಕಟ್ಟಡದ ಎತ್ತರದಿಂದ ಕಳೆಯುವುದು ಹುಡುಗನ ಪೂರ್ತಿ ಎತ್ತರವನ್ನು. ಅಂದರೆ ಅವನ ಕಣ್ಣಿರುವುದು ನೆತ್ತಿಯ ಮೇಲೆ. ಬಲೂನು ನೋಡುವ 1.2 ಮೀಟರ್ ಹುಡುಗಿಯ ಕಣ್ಣೂ ಅಲ್ಲೇ; ಒಂದೇ ಮನೆತನ ಇರಬೇಕು. 60 ಮೀಟರ್ ಎತ್ತರದಲ್ಲಿ ಗಾಳಿಪಟ ಹಾರುತ್ತದೆ, ಆದರೆ ದಾರ ಒಂದಿಷ್ಟೂ ಜೋಲುವುದಿಲ್ಲ. ಆಷಾಢದಲ್ಲಿ ಪಟ ಹಾರಿಸಿದ ಯಾವ ಹುಡುಗನೂ ಇದನ್ನು ಒಪ್ಪಲಾರ. ಇನ್ನು ಬಿರುಗಾಳಿಗೆ ಮುರಿದ ಮರ. ಅದರ ತುದಿ ಬುಡದಿಂದ ಸರಿಯಾಗಿ 8 ಮೀಟರ್ ಆಚೆ, ನೆಲಕ್ಕೆ ಸರಿಯಾಗಿ 30 ಡಿಗ್ರಿಯಲ್ಲಿ ತಾಗುತ್ತದೆ. ಮುರಿದು ಬೀಳುವಾಗಲೂ ಇಷ್ಟು ಶಿಸ್ತು ಪಾಲಿಸುವ ಮರ ಇಡೀ ಮಲೆನಾಡಿನಲ್ಲಿ ಹುಡುಕಿದರೂ ಸಿಗದು.

ಎಲ್ಲವೂ 30, 45, 60ರಲ್ಲೇ ಏಕೆ ನಡೆಯುತ್ತದೆ? ಕಾರಣ ಸರಳ. ಸಮಬಾಹು ತ್ರಿಭುಜವನ್ನು ಸರಿಯಾಗಿ ಅರ್ಧಕ್ಕೆ ಸೀಳಿದರೆ 30 ಮತ್ತು 60 ಸಿಗುತ್ತವೆ, ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ 45. ಇವುಗಳ ಬೆಲೆ ಕಂಡುಹಿಡಿಯಲು ಪೈಥಾಗೊರಸ್ ಸಾಕು. 37 ಡಿಗ್ರಿ ಕೊಟ್ಟರೆ ಟೇಬಲ್ ಪುಸ್ತಕ ಬೇಕು, ಇಲ್ಲವೇ ಕ್ಯಾಲ್ಕುಲೇಟರ್ ಬೇಕು. ಪರೀಕ್ಷಾ ಹಾಲಿಗೆ ಎರಡನೆಯದು ನಿಷಿದ್ಧ. ಆದ್ದರಿಂದ ಗಾಳಿ, ಮರ, ಹಡಗು ಎಲ್ಲವೂ ಪರೀಕ್ಷಾ ಮಂಡಳಿಯ ಅನುಕೂಲ ನೋಡಿಕೊಂಡು ವರ್ತಿಸುತ್ತವೆ.

ಬಾಯಿಪಾಠದ ಬಾಬ್ತು ಬೇರೆ. ಸೈನಿಗೆ ಯಾವ ಬಾಹುವನ್ನು ಯಾವುದರಿಂದ ಭಾಗಿಸಬೇಕು ಎಂಬುದು ಮರೆಯದಿರಲೆಂದು ಟ್ಯೂಷನ್ನಿನಲ್ಲಿ ಒಂದು ಮಂತ್ರ ಉಪದೇಶವಾಗುತ್ತದೆ: ‘ಸಮ್ ಪೀಪಲ್ ಹ್ಯಾವ್, ಕರ್ಲಿ ಬ್ರೌನ್ ಹೇರ್, ಥ್ರೂ ಪ್ರಾಪರ್ ಬ್ರಷಿಂಗ್.’ ಕೊಬ್ಬರಿ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹಾಕಿಕೊಂಡು ಬಂದ ಕಪ್ಪು ಕೂದಲಿನ ಮಕ್ಕಳು ಸಾಲಾಗಿ ಕೂತು ಯಾರದೋ ಕಂದು ಗುಂಗುರು ಕೂದಲಿನ ಜಪ ಮಾಡುವ ದೃಶ್ಯ ನೋಡುವಂಥದ್ದು. ಪಿಯುಸಿಗೆ ಬಂದರೆ ‘ಆಲ್ ಸಿಲ್ವರ್ ಟೀ ಕಪ್ಸ್’ ಸೇರಿಕೊಳ್ಳುತ್ತದೆ: ಮೊದಲ ಪಾದದಲ್ಲಿ ಎಲ್ಲವೂ ಧನ, ಎರಡನೆಯದರಲ್ಲಿ ಸೈನ್, ಮೂರರಲ್ಲಿ ಟ್ಯಾನ್, ನಾಲ್ಕರಲ್ಲಿ ಕಾಸ್. ಮನೆಯಲ್ಲಿ ಕುಡಿಯುವುದು ಸ್ಟೀಲ್ ಲೋಟದಲ್ಲಿ ಕಾಫಿ.

ಐದು ಬೆಲೆಗಳನ್ನು ನೆನಪಿಡಲು ಇಷ್ಟು ಒದ್ದಾಡುವವರು ಆರ್ಯಭಟನ ಶಿಷ್ಯರನ್ನು ನೆನೆಯಬೇಕು. ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿ ಮೂರೂಮುಕ್ಕಾಲು ಡಿಗ್ರಿಗೊಂದರಂತೆ 24 ಜ್ಯಾಗಳ, ಅಂದರೆ ಸೈನ್‌ಗಳ, ಕೋಷ್ಟಕವಿದೆ. ಅದೂ ನೇರವಾಗಿ ಅಲ್ಲ. ಒಂದರಿಂದ ಇನ್ನೊಂದಕ್ಕಿರುವ ವ್ಯತ್ಯಾಸಗಳನ್ನು ಅಕ್ಷರಗಳಲ್ಲಿ ಅಡಗಿಸಿ ಒಂದೇ ಶ್ಲೋಕಕ್ಕೆ ತುರುಕಿದ್ದಾನೆ. ಮೊದಲ ವ್ಯತ್ಯಾಸ 225, ಆಮೇಲೆ 224, 222, 219. ಶ್ಲೋಕ ಕಂಠಪಾಠ ಮಾಡಿ, ಅಕ್ಷರ ಬಿಡಿಸಿ, ಕೂಡುತ್ತ ಹೋದರೆ ಎಂಟನೆಯ ಮೆಟ್ಟಿಲಿಗೆ 30 ಡಿಗ್ರಿ. ಎದುರಿಗೆ ಗ್ರಹಣದ ಲೆಕ್ಕ ಕಾದಿರುತ್ತಿತ್ತು. ಉತ್ತರ ತಪ್ಪಿದರೆ ಊರಿಗೆಲ್ಲ ಆಕಾಶದಲ್ಲೇ ಗೊತ್ತಾಗಿಬಿಡುತ್ತಿತ್ತು.

ಪಠ್ಯದ ಹೊರಗೆ ಇದೇ ಲೆಕ್ಕ ಹಿಡಿದು ಹೊರಟವನೆಂದರೆ ವಿಲಿಯಂ ಲ್ಯಾಂಬ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಇಂಗ್ಲಿಷ್ ಅಧಿಕಾರಿಗೆ ಕಾಳಗಕ್ಕಿಂತ ತ್ರಿಕೋನದ ಹುಚ್ಚು ಹೆಚ್ಚು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಹತ್ತಿರ ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದ. ಆಮೇಲೆ ಸರಪಳಿ ಒಳಗಿಟ್ಟು, ಬರೀ ಕೋನಗಳನ್ನು ಅಳೆಯುತ್ತ, ತ್ರಿಕೋನಕ್ಕೆ ತ್ರಿಕೋನ ಪೋಣಿಸುತ್ತ ಮಂಗಳೂರಿನ ಕರಾವಳಿಯವರೆಗೆ ಬಂದ. ದಾರಿಯಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆ ಅಳೆದು ತಾಳೆ ನೋಡಿದರೆ ವ್ಯತ್ಯಾಸ ಕೆಲವೇ ಅಂಗುಲ. ಕಡೆಗೆ ಸಿಕ್ಕ ಉತ್ತರ ಮಾತ್ರ ಕಂಪನಿ ಸರ್ಕಾರಕ್ಕೆ ರುಚಿಸುವಂಥದ್ದಲ್ಲ: ನಕ್ಷೆಯಲ್ಲಿ 400 ಮೈಲಿ ಎಂದಿದ್ದ ಪರ್ಯಾಯ ದ್ವೀಪದ ಅಗಲ ನಿಜಕ್ಕೆ 360 ಮೈಲಿ. ಇಷ್ಟು ಖರ್ಚು ಮಾಡಿಸಿ ನಲವತ್ತು ಮೈಲಿ ನೆಲವನ್ನೇ ಕಳೆದು ಕೊಟ್ಟ ಅಧಿಕಾರಿ ಇನ್ನೊಬ್ಬನಿರಲಾರ.

ಅವನ ಥಿಯೊಡೊಲೈಟ್ ಯಂತ್ರದ ಕಥೆ ಇನ್ನೂ ಸೊಗಸು. ತೂಕ ಅರ್ಧ ಟನ್. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರು ಹಡಗಿನ ಸಮೇತ ಅದನ್ನು ಹಿಡಿದು ಮಾರಿಷಸ್‌ಗೆ ಒಯ್ದರು. ಒಳಗೇನಿದೆ ಎಂದು ತಿಳಿದ ಮೇಲೆ ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟರು. ಶತ್ರುವಿನ ಕೈಯಿಂದ ಹಾಗೆ ಪಾರಾದ ಯಂತ್ರ 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಗೋಡೆಗೆ ಅಪ್ಪಳಿಸಿ ಜಜ್ಜಿಹೋಯಿತು. ಲ್ಯಾಂಬ್ಟನ್ ವಾರಗಟ್ಟಲೆ ಗುಡಾರ ಸೇರಿಕೊಂಡು ಅದನ್ನು ತಟ್ಟಿ ತಟ್ಟಿ ಮತ್ತೆ ದುಂಡಗೆ ಮಾಡಿದ. ಇದೇ ಸರ್ವೆ ಮುಂದೆ ಹಿಮಾಲಯ ತಲುಪಿದಾಗ ರಾಧಾನಾಥ ಸಿಕ್ದರ್ ಒಂದು ಶಿಖರದ ಎತ್ತರ ಲೆಕ್ಕ ಹಾಕಿದರು. ಉತ್ತರ ಕರಾರುವಾಕ್ಕಾಗಿ 29,000 ಅಡಿ ಬಂತೆಂದೂ, ಅಂದಾಜು ಹೇಳಿದ್ದಾರೆಂದು ಜನ ಅನುಮಾನಿಸಿಯಾರೆಂದು ಎರಡು ಅಡಿ ಸೇರಿಸಿ 29,002 ಎಂದು ಪ್ರಕಟಿಸಿದರೆಂದೂ ಒಂದು ಕಥೆ ಇದೆ. ತರಗತಿಯಲ್ಲಿ ಇದರ ತದ್ವಿರುದ್ಧ: ಉತ್ತರ ದುಂಡಗೆ ಬಾರದಿದ್ದರೆ ಅನುಮಾನ.

ಪಿಯುಸಿಯ ಮೊದಲ ವರ್ಷ ಕೋನಿಕ್ ಸೆಕ್ಷನ್ ಎದುರಾಗುತ್ತದೆ. ಪಾಠದ ಮೊದಲ ಪುಟಗಳಲ್ಲಿ ಶಂಕುವೊಂದನ್ನು ನಾನಾ ಬಗೆಯಲ್ಲಿ ಕತ್ತರಿಸಿದ ಚಿತ್ರವಿರುತ್ತದೆ. ಅಲ್ಲಿಂದಾಚೆ ಶಂಕು ನಾಪತ್ತೆ. ಉಳಿಯುವುದು ಸಮೀಕರಣ, ನಾಭಿ ಮತ್ತು ಲೇಟಸ್ ರೆಕ್ಟಮ್ ಎಂಬ ವೈದ್ಯರು ಹೇಳುವ ಕಾಯಿಲೆಯಂತೆ ಕೇಳಿಸುವ ಒಂದು ಸಂಗತಿ. ಕರೆಂಟು ಹೋದ ರಾತ್ರಿ ಟಾರ್ಚ್ ಹಿಡಿದರೆ ಈ ಪಾಠವೆಲ್ಲ ಗೋಡೆಯ ಮೇಲೇ ಇದೆ. ನೇರ ಬಿಟ್ಟರೆ ವೃತ್ತ, ಓರೆ ಮಾಡಿದರೆ ದೀರ್ಘವೃತ್ತ, ಗೋಡೆಗೆ ಸಮಾಂತರ ಹಿಡಿದರೆ ಅತಿಪರವಲಯ, ನಡುವೆ ಎಲ್ಲೋ ಒಂದು ಕ್ಷಣ ಪರವಲಯ. ಕ್ರಿ.ಪೂ. ಮೂರನೆಯ ಶತಮಾನದವನಾದ ಪೆರ್ಗಾದ ಅಪೊಲೋನಿಯಸ್ ಈ ಸೀಳುಗಳ ಮೇಲೆ ಎಂಟು ಸಂಪುಟ ಬರೆದ. ಏಳು ಉಳಿದಿವೆ, ಅವುಗಳಲ್ಲಿ ಮೂರು ಅರಬ್ಬಿ ಅನುವಾದದಲ್ಲಿ ಮಾತ್ರ. ಎಂಟನೆಯದು ಕಳೆದುಹೋಗಿದೆ. ವಿದ್ವಾಂಸರಿಗೆ ಇದು ನಷ್ಟ. ಪಿಯು ವಿದ್ಯಾರ್ಥಿಗಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಅಷ್ಟು ಶತಮಾನ ಸುಮ್ಮನಿದ್ದ ದೀರ್ಘವೃತ್ತವನ್ನು ಆಕಾಶಕ್ಕೆ ಹತ್ತಿಸಿದವನು ಕೆಪ್ಲರ್. ಮಂಗಳನನ್ನು ವೃತ್ತದಲ್ಲಿ ಕೂರಿಸಲು ಹೆಣಗಿ ಹೆಣಗಿ ಕಡೆಗೆ ಎಂಟು ಕಲೆಯಷ್ಟು ವ್ಯತ್ಯಾಸ ಉಳಿಯಿತು. ಅದು ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ನಮ್ಮ ಮೌಲ್ಯಮಾಪಕರಾಗಿದ್ದರೆ ಪೂರ್ತಿ ಅಂಕ ಕೊಟ್ಟು ಬಿಡುತ್ತಿದ್ದರು. ಕೆಪ್ಲರ್ ಬಿಡಲಿಲ್ಲ, ವೃತ್ತವನ್ನೇ ಬಿಟ್ಟ, ಮೊಟ್ಟೆಯಾಕಾರ ಹಿಡಿದು ನೋಡಿದ, ಕೊನೆಗೆ 1609ರಲ್ಲಿ ದೀರ್ಘವೃತ್ತವೆಂದು ಬರೆದ. ಪಠ್ಯದ ಚಿತ್ರಗಳು ಭೂಮಿಯ ಕಕ್ಷೆಯನ್ನು ಎಳೆದು ಎಳೆದು ಉದ್ದ ಮಾಡುತ್ತವೆ. ನಿಜದಲ್ಲಿ ಅದು ಬಹುಮಟ್ಟಿಗೆ ವೃತ್ತವೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೂ ಬೇಸಿಗೆಯಲ್ಲಲ್ಲ, ಜನವರಿಯ ಆರಂಭದಲ್ಲಿ, ಬೀದರಿನವರು ಕಂಬಳಿ ಹೊದ್ದಿರುವ ಹೊತ್ತಿನಲ್ಲಿ.

ನಿಜವಾಗಿ ಉದ್ದುದ್ದ ಇದ್ದದ್ದು ಮಂಗಳಯಾನದ ಕಕ್ಷೆ. 2013ರ ಡಿಸೆಂಬರ್ 1ರಂದು ಭೂಮಿಯಿಂದ ಅತಿಪರವಲಯದಲ್ಲಿ ತಪ್ಪಿಸಿಕೊಂಡ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳನ ಸುತ್ತ ದೀರ್ಘವೃತ್ತಕ್ಕೆ ಬಿತ್ತು: ಹತ್ತಿರದಲ್ಲಿ ಸುಮಾರು 422 ಕಿಲೋಮೀಟರ್, ದೂರದಲ್ಲಿ ಸುಮಾರು 77,000. ಅದರ ಮಾತು ಕೇಳಿಸಿಕೊಂಡದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಆಂಟೆನಾಗಳು. ಅಲ್ಲಿಯ ದೊಡ್ಡ ಪರವಲಯ ಬಟ್ಟಲಿನ ವ್ಯಾಸ 32 ಮೀಟರ್. ಮನೆ ತಾರಸಿಯ ಟಿವಿ ಡಿಶ್ ಅದರ ಬಡ ನೆಂಟ.

ಹನ್ನೊಂದನೆಯ ತರಗತಿಯ ಪುಸ್ತಕದ ಲೆಕ್ಕಗಳಲ್ಲಿ ಮಾತ್ರ ಇವರಾರೂ ಇಲ್ಲ. ಅಲ್ಲಿರುವುದು ರೇಸ್‌ಕೋರ್ಸಿನಲ್ಲಿ ಓಡುವ ಒಬ್ಬ ಮನುಷ್ಯ. ಎರಡು ಧ್ವಜಸ್ತಂಭಗಳಿಂದ ತನಗಿರುವ ದೂರಗಳ ಮೊತ್ತ ಯಾವಾಗಲೂ 10 ಮೀಟರ್ ಎಂದು ಅವನು ಓಡುತ್ತಲೇ ಗಮನಿಸುತ್ತಾನೆ. ಸ್ತಂಭಗಳ ನಡುವಿನ ಅಂತರ 8 ಮೀಟರ್. ಬಿಡಿಸಿದರೆ ಅವನ ರೇಸ್‌ಕೋರ್ಸು 10 ಮೀಟರ್ ಉದ್ದ, 6 ಮೀಟರ್ ಅಗಲ. ಮದುವೆ ಛತ್ರದ ಊಟದ ಹಾಲು ಇದಕ್ಕಿಂತ ದೊಡ್ಡದಿರುತ್ತದೆ. ಒಂದು ಸುತ್ತಿಗೆ ಇಪ್ಪತ್ತೈದೂವರೆ ಮೀಟರ್. 400 ಮೀಟರ್ ಮುಗಿಸಲು ಹದಿನಾರು ಸುತ್ತು ಬೇಕು.

‘ಸಾರ್, ಅವ್ನಿಗೆ ತಲೆ ತಿರುಗಲ್ವಾ?’ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ.

‘ಅದನ್ನ ಕೇಳಿಲ್ಲ ಪ್ರಶ್ನೆಲಿ,’ ಎನ್ನುತ್ತಾರೆ ಮೇಷ್ಟ್ರು, ಬೋರ್ಡಿನಿಂದ ತಿರುಗದೆ. ‘ಬರ್ಕೋ. ಎ ಈಕ್ವಲ್ಸ್ ಟು ಐದು, ಬಿ ಈಕ್ವಲ್ಸ್ ಟು ಮೂರು.’