ಕುದುರೆಯೊಡನೆ ಓಡಿ ಸೋತವನ ಊರು

ಊರು ಕಟ್ಟಿದವನ ಹೆಸರನ್ನೇ ಊರಿಗಿಡಬೇಕೆಂಬ ಕಾಯಿದೆ ಎಲ್ಲೂ ಇಲ್ಲ. ಇದ್ದಿದ್ದರೆ ಅಮೆರಿಕದ ಅರಿಜೋನಾದ ಬಿಸ್ಬೀ ಫಜೀತಿಗೆ ಬೀಳುತ್ತಿತ್ತು. 1880ರಲ್ಲಿ ಹುಟ್ಟಿದ ಆ ಊರಿಗೆ ಹೆಸರು ಕೊಟ್ಟ ಡಿವಿಟ್ ಬಿಸ್ಬೀ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ. ಅಲ್ಲಿನ ತಾಮ್ರದ ಗಣಿಗೆ ದುಡ್ಡು ಹಾಕಿದ್ದ, ಅಷ್ಟೆ. ಮಹಾಶಯ ಕೊನೆಗೂ ಆ ಊರಿಗೆ ಕಾಲಿಡಲಿಲ್ಲ.

ಕಾಲಿಟ್ಟವರ ಪಾಡು ಕೇಳಿ. 1877ರಲ್ಲಿ ಅಪಾಚೆ ಬುಡಕಟ್ಟಿನವರನ್ನು ಅರಸುತ್ತ ಸೈನ್ಯದ ತುಕಡಿಯೊಂದು ಮ್ಯೂಲ್ ಬೆಟ್ಟಗಳ ಕಂದರಕ್ಕೆ ಬಂತು. ಕುಡಿಯುವ ನೀರು ಹುಡುಕಹೋದ ಜ್ಯಾಕ್ ಡನ್‌ಗೆ ಅದಿರು ಕಂಡಿತು. ಸೈನ್ಯದ ಚಾಕರಿ ಬಿಟ್ಟು ಬಂಡೆ ಅಗೆಯುವುದುಂಟೆ? ಡನ್ ಮತ್ತು ಜೊತೆಗಾರರು ಜಾರ್ಜ್ ವಾರೆನ್ ಎಂಬವನ ಕೈಗೆ ಖರ್ಚಿಗಿಷ್ಟು ಕೊಟ್ಟು, ನಮ್ಮ ಪಾಲೂ ಸೇರಿಸಿ ಹಕ್ಕು ಬರೆಸಪ್ಪ ಅಂತ ಕಳಿಸಿದರು. ವಾರೆನ್‌ನಿಗೆ ದಾರಿಯಲ್ಲೇ ಹೆಂಡದಂಗಡಿ ಸಿಕ್ಕಿತು. ಖರ್ಚಿನ ದುಡ್ಡು ಕರಗಿತು, ಹೊಸ ಗೆಳೆಯರು ಕೂಡಿಕೊಂಡರು, ಹಕ್ಕುಪತ್ರಗಳಲ್ಲಿ ಡನ್‌ನ ಹೆಸರು ಮಾಯವಾಯಿತು.

ಮೋಸದಿಂದ ಬಂದದ್ದು ಓಟದಲ್ಲಿ ಹೋಯಿತು. ಕುದುರೆ ಸವಾರನಿಗಿಂತ ಜೋರಾಗಿ ಓಡುತ್ತೇನೆಂದು ವಾರೆನ್ 1880ರಲ್ಲಿ ಪಣ ಕಟ್ಟಿದ. ಅಡವಿಟ್ಟದ್ದು ಕಾಪರ್ ಕ್ವೀನ್ ಗಣಿಯ ಪಾಲು! ಅವನ ಲೆಕ್ಕ ತೀರಾ ಹೆಡ್ಡತನದ್ದೂ ಅಲ್ಲ: ಕಂಬ ಸುತ್ತಿ ತಿರುಗಿ ಬರಬೇಕು, ತಿರುವಿನಲ್ಲಿ ಮನುಷ್ಯ ಚುರುಕು. ಕುದುರೆಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ. ಮುಂದೆ ಲಕ್ಷಾಂತರ ಡಾಲರ್ ಬಾಳಿದ ಪಾಲು ಅಲ್ಲೇ ಕೈಬಿಟ್ಟಿತು. ಪ್ರಾಯಶ್ಚಿತ್ತವೋ ಎಂಬಂತೆ ಅರಿಜೋನಾ ತನ್ನ ರಾಜಮುದ್ರೆಯಲ್ಲಿ ಪಿಕಾಸಿ, ಸಲಿಕೆ ಸಮೇತ ಅವನನ್ನೇ ನಿಲ್ಲಿಸಿದೆ. ಊರಿನ ಒಂದು ಬಡಾವಣೆಗೂ ಅವನದೇ ಹೆಸರು.

ಆ ವಾರೆನ್ ಬಡಾವಣೆಯ ಬೇಸ್‌ಬಾಲ್ ಮೈದಾನದ ಹತ್ತಿರ ಬಂದರೆ ನಗು ನಿಲ್ಲುತ್ತದೆ. 1917ರ ಜುಲೈ 12ರ ಬೆಳಗ್ಗೆ ಶೆರಿಫ್ ಮತ್ತು ಅವನ ಬಂದೂಕುಧಾರಿಗಳು ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರನ್ನು ಮನೆಮನೆಯಿಂದ ಎಳೆತಂದು ಅಲ್ಲಿ ಕೂಡಿಹಾಕಿದರು. ಸುಮಾರು 1,200 ಮಂದಿಯನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಬಿಟ್ಟು ಬಂದರು. ಇದಕ್ಕಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ನ್ಯಾಯಾಧೀಶನ ಹೆಸರು ಹೊತ್ತ ಊರಿಗೆ ಇದು ಒಪ್ಪುವ ಮಾತಲ್ಲ.

1970ರ ದಶಕದ ನಡುವೆ ದೊಡ್ಡ ಗಣಿಗಾರಿಕೆ ನಿಂತಿತು. ಕೆಲಸ ಹೋದವರು ಮನೆಗಳನ್ನು ಅಗ್ಗಕ್ಕೆ ಮಾರಿದರು. ಚಿತ್ರಕಾರರು, ಹಿಪ್ಪಿಗಳು ಕೊಂಡರು. ಗಣಿಯೊಳಗೆ ಈಗ ಪ್ರವಾಸಿಗರು ಟೊಪ್ಪಿಗೆ ಹಾಕಿಕೊಂಡು ಪುಟ್ಟ ರೈಲಿನಲ್ಲಿ ಹೋಗುತ್ತಾರೆ. ಗಣಿಗಾರನಿಗೆ ಸಂಬಳ ಕೊಡುತ್ತಿದ್ದ ಕತ್ತಲೆಗೆ ಇವರೇ ಟಿಕೆಟ್ ಕೊಳ್ಳುತ್ತಾರೆ.

ಹಳೆಯ ಮನೆಗಳು ಕಂದರದ ಗೋಡೆಗೆ ಒಂದರ ತಲೆಯ ಮೇಲೊಂದು ಅಂಟಿಕೊಂಡಿವೆ. ನಾಲ್ಕು ಅಂತಸ್ತಿನ ಹಳೆಯ ಹೈಸ್ಕೂಲಿನ ಪ್ರತಿ ಅಂತಸ್ತಿಗೂ ನೆಲದಿಂದಲೇ ಬಾಗಿಲು. ತಡವಾಗಿ ಬಂದ ಹುಡುಗ ಯಾವುದರಿಂದ ನುಸುಳಿದನೋ, ಮೇಷ್ಟ್ರ ಪಾಡು ದೇವರಿಗೇ ಪ್ರೀತಿ. ಪ್ರತಿ ಅಕ್ಟೋಬರ್‌ನಲ್ಲಿ ಸಾವಿರಕ್ಕೂ ಮಿಕ್ಕ ಮೆಟ್ಟಿಲು ಹತ್ತುವ ಸ್ಪರ್ಧೆಯೂ ಉಂಟು. ಹೋಗುವ ಮನಸ್ಸಿದ್ದವರು ಮೊದಲು ಮಂಡಿಯ ಒಪ್ಪಿಗೆ ಕೇಳಿಕೊಳ್ಳಿ.