ಸಿಕಂದರಾಬಾದಿನ ಕುಸ್ವಾರ್ ಪಂಡಿತರು

ಮಂಗಳೂರಿನ ಕಡೆಯಿಂದ ಉದ್ಯೋಗ ನಿಮಿತ್ತ ಹೈದರಾಬಾದಿಗೆ ಬಂದು, ಸಿಕಂದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ನೆಲೆನಿಂತ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ, ನಿವೃತ್ತಿಯ ಅಂಚಿಗೆ ಬಂದ ಯಜಮಾನರು ಡಿಸೆಂಬರ್ ಹುಟ್ಟುತ್ತಲೇ ಕುಸ್ವಾರ್ ಪಂಡಿತರಾಗಿಬಿಡುವುದುಂಟು. ಕುಸ್ವಾರ್ ಎಂದರೆ ನಾತಾಲಿಗೆ, ಅಂದರೆ ಕ್ರಿಸ್ಮಸ್ಸಿಗೆ, ಮನೆಯಲ್ಲೇ ಮಾಡಿ ಜಾತಿಮತ ನೋಡದೆ ನೆರೆಹೊರೆಗೆ ಹಂಚುವ ತಿಂಡಿಗಳ ಸಮೂಹ. ನೆವ್ರಿ, ಚಕ್ಕುಲಿಗಳೂ ಅದರಲ್ಲಿ ಸೇರುತ್ತವಾದರೂ, ಪಂಡಿತರ ವಿಶೇಷ ಅಧ್ಯಯನವೆಲ್ಲ 'ಕಿಡ್ಯೊ' ಕುರಿತಾದದ್ದು. ಕೊಂಕಣಿಯಲ್ಲಿ ಹುಳುಗಳು ಎಂಬ ಅರ್ಥವುಳ್ಳ, ಹಾಗಿದ್ದೂ ಯಾರೂ ಬೇಡವೆನ್ನದ ಈ ತಿಂಡಿಯು, ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದಾಗ ಸಿದ್ಧವಾಗುತ್ತದೆ.

ಪತ್ನಿಯು ಇದೇ ಕೆಲಸವನ್ನು ಫೋರ್ಕಿನ ಬೆನ್ನಿನ ಮೇಲೆ ಮುಗಿಸುವುದನ್ನು ಕಂಡ ಪಂಡಿತರು, ತಮ್ಮ ಅಮ್ಮ ಬಾಚಣಿಗೆಯಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲವೆಂದೂ, ಗೆರೆ ಆಳವಾಗದಿದ್ದರೆ ಪಾಕ ನಿಲ್ಲದೆಂದೂ ಸೋಫಾದಿಂದಲೇ ಪ್ರತಿಪಾದಿಸುತ್ತಾರೆ. ಬಾಲ್ಯದಲ್ಲಿ ಅವರು ಸುತ್ತಿದ್ದಕ್ಕಿಂತ ಹಸಿ ಹಿಟ್ಟು ತಿಂದದ್ದೇ ಹೆಚ್ಚೆಂಬುದು ಊರಿನಲ್ಲಿರುವ ಅಕ್ಕನ ಸಾಕ್ಷ್ಯ. ನಡುರಾತ್ರಿಯ ಪೂಜೆಯ ವೈಭವವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುವ ಇವರು ಅಂದೆಲ್ಲ ಅಮ್ಮನ ತೊಡೆಯ ಮೇಲೆ ಗಾಢನಿದ್ರೆಯಲ್ಲಿದ್ದರೆಂಬುದೂ ಆಕೆಯಿಂದಲೇ ತಿಳಿದುಬರುತ್ತದೆ. ಮಾಡಿದ ಕೆಲಸ ಕಡಿಮೆಯಾದಷ್ಟೂ ನೆನಪು ನಿಖರವಾಗುವುದು ಈ ವರ್ಗದ ಮುಖ್ಯ ಲಕ್ಷಣ.

ಹೈದರಾಬಾದಿನಲ್ಲಿ ಕ್ರಿಸ್ಮಸ್ಸೇ ಇಲ್ಲವೆಂಬುದು ಅವರ ಇನ್ನೊಂದು ಸಿದ್ಧಾಂತ. ಗನ್‌ಫೌಂಡ್ರಿಯ ಸಂತ ಜೋಸೆಫರ ಕೆಥೆಡ್ರಲ್ 1875ರ ಕ್ರಿಸ್ಮಸ್ ದಿನವೇ ಪೂಜೆಗೆ ತೆರೆದದ್ದನ್ನೂ, ಬರಗಾಲದಲ್ಲಿ ಜನರಿಗೆ ಕೂಲಿಯ ಅನ್ನ ಒದಗಿಸಿದ ಮೆದಕ್ ಚರ್ಚು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಗೊಂಡದ್ದನ್ನೂ ಯಾರಾದರೂ ನೆನಪಿಸಿದರೆ, "ಇರಬಹುದು, ಅಲ್ಲಿ ಕಿಡ್ಯೊ ಕೊಡುತ್ತಾರೆಯೇ?" ಎಂದು ಕೇಳಿ ವಾದ ಮುಗಿಸುತ್ತಾರೆ. ಕುಸ್ವಾರ್ ತಟ್ಟೆ ಹೋದ ಪಕ್ಕದ ಮನೆಯಿಂದ ಅದೇ ತಟ್ಟೆಯಲ್ಲಿ ಡಬಲ್ ಕಾ ಮೀಠಾ, ಎಂದರೆ ಕರಿದ ಬ್ರೆಡ್ಡನ್ನು ಹಾಲು ಸಕ್ಕರೆಯಲ್ಲಿ ನೆನೆಸಿದ ಇಲ್ಲಿನ ಸಿಹಿ, ಮರಳಿ ಬಂದಾಗ ಮಾತ್ರ ಸಿದ್ಧಾಂತಕ್ಕೆ ತಾತ್ಕಾಲಿಕ ವಿರಾಮ.

ಇಷ್ಟಾದರೂ ಪಂಡಿತರು ಛಲ ಬಿಟ್ಟವರಲ್ಲ. ಪ್ರತಿ ಡಿಸೆಂಬರಿನಲ್ಲೂ ಜನರಲ್ ಬಜಾರಿಗೆ ಹೋಗಿ, ಹಲ್ಲುಗಳನ್ನು ಬೆರಳಿನಿಂದ ಮೀಟಿ ಪರೀಕ್ಷಿಸಿ, ಹೊಸ ಬಾಚಣಿಗೆಯೊಂದನ್ನು ತರುತ್ತಾರೆ, ಮತ್ತು ಅಡುಗೆಮನೆಯಲ್ಲಿ ಫೋರ್ಕೇ ಗೆಲ್ಲುತ್ತದೆ. ಡ್ರಾಯರಿನಲ್ಲಿ ಈಗ ಒಂಬತ್ತು ಬಾಚಣಿಗೆಗಳಿವೆ. ಪಂಡಿತರ ತಲೆಯಲ್ಲಿ ಕೂದಲಿಲ್ಲ.